ಒಂದೇ ಸಾಲಿನ ಬದಲಾವಣೆ, ಅಡಿಕೆ ಮೆಷಿನ್ ಮತ್ತು ಮೆಮೊರಿ ಕಾಪಿ

ಶಿವಮೊಗ್ಗದ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಅಡಿಕೆ ವಿಂಗಡಿಸುವ ಮೆಷಿನ್‌ಗೆ ನಾವು ಸಾಫ್ಟ್‌ವೇರ್ ಬರೆಯುತ್ತೇವೆ. ಬೆಲ್ಟ್ ಮೇಲೆ ಅಡಿಕೆ ಓಡುತ್ತಿರುತ್ತದೆ. ಮೇಲಿನಿಂದ ಕ್ಯಾಮೆರಾ ಫೋಟೊ ಹೊಡೆಯುತ್ತದೆ. ಫೋಟೊ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುತ್ತದೆ, ಅಲ್ಲಿ ಎಐ ಮಾಡೆಲ್ ಒಂದೊಂದು ಅಡಿಕೆಯನ್ನೂ ನೋಡಿ ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಅಂತ ದರ್ಜೆ ಹೇಳುತ್ತದೆ. ಆಮೇಲೆ ಗಾಳಿ ಊದಿ ಅದನ್ನು ಅದರದರ ಡಬ್ಬಿಗೆ ತಳ್ಳುವುದು. ಎಪಿಎಂಸಿ ರೇಟಿನಲ್ಲಿ ಸರಕು ಅನ್ನುವ ದರ್ಜೆಗೂ ಗೊರಬಲಿಗೂ ಎಷ್ಟು ಅಂತರ ಇದೆ ಅಂತ ಗೊತ್ತಿದ್ದವರಿಗೆ, ತಪ್ಪು ಡಬ್ಬಿಗೆ ಬಿದ್ದರೆ ಮಂಡಿಯವರು ಹೇಗೆ ಫೋನ್ ಮಾಡುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ.

ಮಾಡೆಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಫೋಟೊ ಕಾರ್ಡ್‌ವರೆಗೆ ಹೇಗೆ ಹೋಗುತ್ತದೆ ಅಂತ ಒಬ್ಬರೂ ಕೇಳುವುದಿಲ್ಲ. ಇಲ್ಲಿಂದ ಅಲ್ಲಿಗೆ ಕಾಪಿ, ಅಷ್ಟೇ ಅಲ್ವಾ? ಈ 'ಅಷ್ಟೇ ಅಲ್ವಾ' ಕೋಡ್ ರಿವ್ಯೂ ಮಾಡುವುದು, ಅಂದರೆ ಬೇರೆಯವರು ಬರೆದದ್ದನ್ನು ಓದಿ ತಪ್ಪು ಹುಡುಕುವುದು, ನನ್ನ ಪಾಲಿಗೆ ಬಂದಿದೆ.

ಸೀಸನ್ ಶುರುವಾಗುವ ಮುಂಚೆ ನಮ್ಮ ಟೀಮಿನ ಹುಡುಗನೊಬ್ಬ ಒಂದು ಬದಲಾವಣೆ ಕಳಿಸಿದ. ಒಂದೇ ಸಾಲು. ಕ್ಯಾಮೆರಾದ ಫ್ರೇಮ್ (ಒಂದೊಂದು ಫೋಟೊ) ಬಂದು ಕೂರುವ ಬಫರನ್ನು, ಅಂದರೆ ಮೆಮೊರಿಯ ಜಾಗವನ್ನು, ನಾವು ಮೊದಲಿಂದ ಮ್ಯಾಲಕ್ ಎಂಬ ಮಾಮೂಲಿ ಫಂಕ್ಷನ್ ಕರೆದು ತೆಗೆದುಕೊಳ್ಳುತ್ತಿದ್ದೆವು. ಅವನು ಅದನ್ನು ಕುಡಾದ (ಎನ್ವಿಡಿಯಾ ಕಾರ್ಡ್ ಮೇಲೆ ಪ್ರೋಗ್ರಾಮ್ ಓಡಿಸುವ ವ್ಯವಸ್ಥೆ) ಪಿನ್ಡ್ ಮೆಮೊರಿಗೆ, ಅಂದರೆ ಇದ್ದ ಜಾಗದಿಂದ ಕದಲದ ಹಾಗೆ ಕಟ್ಟಿಹಾಕಿದ ಮೆಮೊರಿಗೆ, ಬದಲಾಯಿಸಿದ್ದ. ಜೊತೆಗೆ ಒಂದು ಗ್ರಾಫ್ ಬೇರೆ: ಕಾಪಿಗೆ ಹಿಡಿಯುವ ಸಮಯ ಚೆನ್ನಾಗಿ ಇಳಿದಿದೆ. ನನಗಿಂತ ಮುಂಚೆ ನೋಡಿದವರು ಒಪ್ಪಿಗೆಯ ಹೆಬ್ಬೆರಳು ಒತ್ತಿ ಹೋಗಿದ್ದರು.

ಅವನು ಅಳೆದದ್ದು ಸರಿಯೇ. ಮಾಮೂಲಿ ಮೆಮೊರಿಯ ಪುಟಗಳನ್ನು ಆಪರೇಟಿಂಗ್ ಸಿಸ್ಟಮ್ ಯಾವಾಗ ಬೇಕಾದರೂ ಎತ್ತಿ ಬೇರೆ ಕಡೆ ಇಡಬಹುದು, ಡಿಸ್ಕ್‌ಗೂ ಕಳಿಸಬಹುದು. ಕಾರ್ಡ್‌ನ ಡಿಎಂಎ ಎಂಜಿನ್ ಸಿಪಿಯು ಸಹಾಯ ಇಲ್ಲದೆ ತಾನೇ ರ‍್ಯಾಮ್ ಓದುವಂಥದ್ದು. ಅದು ಓದುವ ಹೊತ್ತಿಗೆ ಪುಟ ಜಾಗ ಬಿಟ್ಟು ಕದಲಿರಬಾರದು. ಹಾಗಾಗಿ ಕಾರ್ಡ್ ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ಮೊದಲು ನಮ್ಮ ಡೇಟಾವನ್ನು ತನ್ನದೇ ಒಂದು ಪಿನ್ಡ್ ಬಫರ್‌ಗೆ ಕಾಪಿ ಮಾಡಿಕೊಳ್ಳುತ್ತದೆ, ಅಲ್ಲಿಂದ ಕಾರ್ಡ್‌ಗೆ ಕಳಿಸುತ್ತದೆ. ನಾವೇ ಪಿನ್ ಮಾಡಿಕೊಟ್ಟರೆ ನಡುವಿನ ಆ ಕಾಪಿ ತಪ್ಪುತ್ತದೆ. ಗ್ರಾಫ್ ಇಳಿದದ್ದು ಅದಕ್ಕೇ.

ಆದರೆ ನಡುವಿನ ಆ ಕಾಪಿ ಸುಮ್ನೆ ಸಮಯ ತಿನ್ನುತ್ತಿರಲಿಲ್ಲ. ನಮಗೆ ಗೊತ್ತಿಲ್ಲದೆಯೇ ನಮ್ಮನ್ನು ಕಾಯುತ್ತಿತ್ತು. ನಾವು ಬಳಸುತ್ತಿದ್ದದ್ದು ಮೊದಲಿಂದಲೂ ಮೆಮ್‌ಕಾಪಿ ಅಸಿಂಕ್ ಎಂಬ ಕುಡಾ ಕಾಲ್. ಅಸಿಂಕ್ ಅಂದರೆ ಕೆಲಸ ಮುಗಿಯುವವರೆಗೆ ಕಾಯದ್ದು. ಮಾಮೂಲಿ ಮೆಮೊರಿಯಿಂದ ಕಾರ್ಡ್‌ಗೆ ಕಳಿಸುವಾಗ ಈ ಕಾಲ್ ವಾಪಸ್ ಬರುವುದು ಡೇಟಾ ಡ್ರೈವರ್‌ನ ಬಫರ್ ಸೇರಿದ ಮೇಲೆ. ಅಂದರೆ ವಾಪಸ್ ಬಂದ ಕ್ಷಣಕ್ಕೆ ನಮ್ಮ ಬಫರ್ ಖಾಲಿ, ಏನು ಬೇಕಾದರೂ ಬರೆಯಬಹುದು. ಅದೇ ಕಾಲ್‌ಗೆ ಪಿನ್ಡ್ ಬಫರ್ ಕೊಟ್ಟರೆ ಅದು ಕೆಲಸವನ್ನು ಸ್ಟ್ರೀಮಿನ (ಕಾರ್ಡ್ ಒಂದರ ಹಿಂದೊಂದು ಮಾಡುವ ಕೆಲಸಗಳ) ಸಾಲಿನಲ್ಲಿ ನಿಲ್ಲಿಸಿ ತಕ್ಷಣ ವಾಪಸ್ ಬರುತ್ತದೆ. ಡೇಟಾ ಇನ್ನೂ ಒಂದು ಬೈಟೂ ಹೋಗಿರಲಿಕ್ಕಿಲ್ಲ. ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಗಂಟು ಕೊಟ್ಟು ಬಂದ ಹಾಗೆ: ನಮ್ಮ ಕೈ ಖಾಲಿಯಾಗಿದೆ, ಆದರೆ ಗಂಟು ಇನ್ನೂ ಸ್ಟ್ಯಾಂಡ್ ಬಿಟ್ಟಿಲ್ಲ.

ಇದೇನು ಮುಚ್ಚಿಟ್ಟ ಗುಟ್ಟಲ್ಲ. ಅಸಿಂಕ್ ಅನ್ನುವ ಬಾಲಂಗೋಚಿ ನಂಬಿಕೊಂಡು ಕೂರಬೇಡಿ, ಕೊಡುವ ಆರ್ಗ್ಯುಮೆಂಟ್ ಮೇಲೆ ನಡವಳಿಕೆ ಬದಲಾಗುತ್ತದೆ ಅಂತ ಕುಡಾದ ದಾಖಲೆಯಲ್ಲೇ ಒಂದು ಪುಟ ಇದೆ. ಆ ಪುಟ ಓದುವವರು ಕಮ್ಮಿ, ಅಷ್ಟೇ.

ಅವನು ಕಳಿಸಿದ ಡಿಫ್‌ನಲ್ಲಿ (ಬದಲಾದ ಸಾಲುಗಳ ಪಟ್ಟಿ) ಇದ್ದದ್ದು ಒಂದು ಸಾಲು. ನಾನು ನೋಡಬೇಕಿದ್ದ ಸಾಲು ಅದರಲ್ಲಿ ಇರಲೇ ಇಲ್ಲ. ಅದು ಬೇರೆ ಫೈಲಿನಲ್ಲಿತ್ತು: ಕಾಪಿ ಕಾಲ್ ಆದ ಮೇಲೆ ಬಫರನ್ನು ಕ್ಯಾಮೆರಾಗೆ ವಾಪಸ್ ಕೊಡುವ ಸಾಲು. ಅವನನ್ನು ಕರೆದು ಕೇಳಿದೆ.

"ಈ ಬಫರ್ ಕ್ಯಾಮೆರಾಗೆ ವಾಪಸ್ ಕೊಡೋದು ಯಾವಾಗ?"

"ಕಾಪಿ ಆದ್ಮೇಲೇ ಅಕ್ಕ."

"ಆಯ್ತು ಅಂತ ಯಾರು ಹೇಳಿದ್ರು ಮಾರಾಯ?"

"ಫಂಕ್ಷನ್ ರಿಟರ್ನ್ ಆಯ್ತಲ್ಲ ಅಕ್ಕ..." ಅಂದವನು ಅಲ್ಲಿಗೇ ನಿಲ್ಲಿಸಿದ.

ಆಫೀಸಿನ ಟೇಬಲ್ ಮೇಲೆ ಓಡಿಸಿದಾಗ ಈ ತಪ್ಪು ಯಾಕೆ ಕಾಣಲಿಲ್ಲ ಅನ್ನುವುದಕ್ಕೆ ಲೆಕ್ಕ ಸುಲಭ. ನಮ್ಮ ಫ್ರೇಮ್ 1920×1080, ಪಿಕ್ಸೆಲ್‌ಗೆ 3 ಬೈಟ್. ಒಟ್ಟು 62,20,800 ಬೈಟ್. ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ 3.0ರ 16 ಲೇನ್ ಸ್ಲಾಟ್ ಸೆಕೆಂಡಿಗೆ ಸುಮಾರು 16 ಗಿಗಾಬೈಟ್ ಸಾಗಿಸಬಲ್ಲದು. ಪೂರ್ತಿ ವೇಗ ಸಿಗುವುದಿಲ್ಲ ಅಂದುಕೊಂಡರೂ ಅರ್ಧ ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಫ್ರೇಮ್ ಆ ಕಡೆ ಇರುತ್ತದೆ. ಕ್ಯಾಮೆರಾ ಸೆಕೆಂಡಿಗೆ 60 ಫ್ರೇಮ್ ಕೊಡುತ್ತದೆ, ಅಂದರೆ 16.7 ಮಿಲಿಸೆಕೆಂಡಿಗೆ ಒಂದು. ಬಫರ್ ಎರಡು ಇರುವುದರಿಂದ ಈಗ ವಾಪಸ್ ಕೊಟ್ಟ ಬಫರ್ ಮೇಲೆ ಕ್ಯಾಮೆರಾ ಮತ್ತೆ ಬರೆಯುವುದು ಮುಂದಿನ ಫ್ರೇಮ್ ಮುಗಿದ ಮೇಲೆ. ಸಮಯ ಬೇಕಾದಷ್ಟಿದೆ. ಆದರೆ ಕಾಪಿ ತನ್ನ ಸರದಿ ಬಂದ ಮೇಲೆ ತಾನೇ ಓಡುವುದು? ಅದರ ಮುಂದೆ ಹಿಂದಿನ ಫ್ರೇಮಿನ ಮಾಡೆಲ್ ಕೆಲಸ ನಿಂತಿರುತ್ತದೆ. ಆಫೀಸಿನಲ್ಲಿ ನಾವು ಬೆಲ್ಟ್ ಮೇಲೆ ಒಂದು ಹಿಡಿ ಅಡಿಕೆ ಬಿಡುತ್ತೇವೆ. ಮಂಡಿಯಲ್ಲಿ ಮೂಟೆಗಟ್ಟಲೆ ಸುರಿಯುತ್ತಾರೆ. ಫ್ರೇಮಿನಲ್ಲಿ ಅಡಿಕೆ ಜಾಸ್ತಿಯಾದಷ್ಟೂ ಮಾಡೆಲ್‌ಗೆ ಕೆಲಸ ಜಾಸ್ತಿ, ಸರದಿ ತಡ. ತಡ 17 ಮಿಲಿಸೆಕೆಂಡ್ ದಾಟಿತೋ, ಕಾರ್ಡ್ ಓದಬೇಕಾದ ಬಫರ್ ಮೇಲೆ ಕ್ಯಾಮೆರಾ ಆಗಲೇ ಹೊಸ ಫ್ರೇಮ್ ಬರೆಯಲು ಶುರು ಮಾಡಿರುತ್ತದೆ.

ಹುಡುಗನಿಗೆ ನನ್ನ ಮಾತಿಗಿಂತ ಪರೀಕ್ಷೆಯಲ್ಲಿ ನಂಬಿಕೆ. ಒಳ್ಳೆಯ ಗುಣವೇ. ಕ್ಯಾಮೆರಾ ಬದಲು ಒಂದು ನಕಲಿ ಕ್ಯಾಮೆರಾ ಬರೆದ. ಅದು 41ನೇ ಫ್ರೇಮಿನ ಎಲ್ಲ ಬೈಟಿಗೂ 41 ತುಂಬುತ್ತದೆ, 42ಕ್ಕೆ 42, ಹೀಗೆ. ಬರೆಯುವುದೂ ನಿಜವಾದ ಕ್ಯಾಮೆರಾದ ವೇಗದಲ್ಲೇ, ಮೇಲಿನ ಸಾಲಿನಿಂದ ಕೆಳಗೆ. ಕಾರ್ಡ್‌ನಲ್ಲಿ ಕಾಪಿಗಿಂತ ಮುಂದೆ ಸುಮ್ಮನೆ ಸಮಯ ಕಳೆಯುವ ಒಂದು ಕರ್ನಲ್ (ಕಾರ್ಡ್ ಮೇಲೆ ಓಡುವ ಫಂಕ್ಷನ್) ನಿಲ್ಲಿಸಿದ. ಕಾರ್ಡ್ ಸೇರಿದ ಫ್ರೇಮನ್ನು ವಾಪಸ್ ತಂದು ನೋಡಿದರೆ ಮೇಲಿನ ಸಾಲುಗಳಲ್ಲಿ 43, ಕೆಳಗೆ ಇನ್ನೂ 41. ಒಂದೇ ಫೋಟೊ. ನಿಜವಾದ ಬೆಲ್ಟ್ ಆಗಿದ್ದರೆ ಮೇಲರ್ಧ ಒಂದು ಅಡಿಕೆ, ಕೆಳಗಿನರ್ಧ ಆಗಲೇ ಮುಂದೆ ಹೋದ ಇನ್ನೊಂದು. ಅಂಥ ಅಡಿಕೆ ಯಾವ ಮರದಲ್ಲೂ ಬಿಟ್ಟಿಲ್ಲ. ಮಾಡೆಲ್ ಮಾತ್ರ ಅದನ್ನೂ ಬೆಟ್ಟೆ ಅಂತ ಧೈರ್ಯವಾಗಿ ಹೇಳಿಬಿಡುತ್ತದೆ. ಕ್ರ್ಯಾಶ್ ಇಲ್ಲ, ಎರರ್ ಇಲ್ಲ, ಲಾಗ್‌ನಲ್ಲಿ ಒಂದಕ್ಷರ ಇಲ್ಲ. ಮಂಡಿಯಲ್ಲಿ ಕೂತು ಕೈಯಲ್ಲೇ ಆರಿಸುವ ಹೆಂಗಸರು 'ನಿಮ್ ಮೆಷಿನ್‌ಗೆ ಕಣ್ಣು ಸರಿ ಇಲ್ಲ' ಅಂದಾಗ ನಾವು ಮಾಡೆಲ್ ಬೈಯುತ್ತಾ ಕೂತಿರುತ್ತಿದ್ದೆವು.

ಸರಿಪಡಿಸುವುದರ ಬಗ್ಗೆ ಸ್ವಲ್ಪ ಜಟಾಪಟಿ ಆಯಿತು. ಕಾಪಿ ಕಾಲ್ ಆದ ತಕ್ಷಣ, ಸಾಲಿನ ಕೆಲಸ ಎಲ್ಲ ಮುಗಿಯುವವರೆಗೆ ಕಾಯುವ ಸ್ಟ್ರೀಮ್ ಸಿಂಕ್ರನೈಸ್ ಹಾಕಿದರೆ ಮುಗಿಯಿತಲ್ಲ ಅಂತ ಒಬ್ಬರು. ಮುಗಿಯುತ್ತದೆ, ಆದರೆ ಮುಂದೆ ನಿಂತಿರುವ ಮಾಡೆಲ್ ಕೆಲಸಕ್ಕೂ ಸೇರಿಸಿ ಸಿಪಿಯು ಕಾಯುತ್ತದೆ. ಪಿನ್ ಮಾಡಿ ಗಳಿಸಿದ್ದು ಅಲ್ಲೇ ಹೋಗುತ್ತದೆ. ಹುಡುಗ ಕಾಪಿ ಹಿಂದೆ, ಅದು ಮುಗಿದ ಮೇಲೆ ತಾನೇ ಓಡುವ ಒಂದು ಕಾಲ್‌ಬ್ಯಾಕ್ ಸಿಕ್ಕಿಸಿ, ಬಫರ್ ವಾಪಸ್ ಕೊಡುವ ಕೆಲಸ ಅದರೊಳಗೆ ಇಟ್ಟ. ಉಪಾಯ ಚೆನ್ನಾಗಿತ್ತು, ಆದರೆ ನಮ್ಮ ವಾಪಸ್ ಫಂಕ್ಷನ್ ಒಳಗೆ ಇನ್ನೊಂದು ಕುಡಾ ಕಾಲ್ ಇತ್ತು. ಆ ಥರದ ಕಾಲ್‌ಬ್ಯಾಕ್ ಒಳಗಿಂದ ಕುಡಾ ಕಾಲ್ ಮಾಡುವ ಹಾಗಿಲ್ಲ, ಸಿಕ್ಕಿಹಾಕಿಕೊಂಡು ನಿಂತುಬಿಡಬಹುದು. ಕೊನೆಗೆ ಕಾಪಿ ಹಿಂದೆಯೇ ಒಂದು ಇವೆಂಟ್ (ಅಲ್ಲಿಯವರೆಗಿನ ಕೆಲಸ ಮುಗಿಯಿತೇ ಅಂತ ತಿಳಿಸುವ ಗುರುತು) ರೆಕಾರ್ಡ್ ಮಾಡುವುದು, ಇವೆಂಟ್ ಮುಗಿದ ಬಫರನ್ನು ಮಾತ್ರ ಕ್ಯಾಮೆರಾಗೆ ಕೊಡುವುದು, ಬಫರ್ ಸಂಖ್ಯೆ ಸ್ವಲ್ಪ ಹೆಚ್ಚಿಸುವುದು ಅಂತ ತೀರ್ಮಾನ ಆಯಿತು. ಒಂದು ಸಾಲಿನ ಬದಲಾವಣೆ ನಾಲ್ಕು ಫೈಲ್‌ಗೆ ಹರಡಿತು.

ಕಾರ್ಡ್‌ಗೆ ಕೆಲಸ ಕೊಡುವ ಇನ್ನೊಂದು ವ್ಯವಸ್ಥೆಯಾದ ವಲ್ಕನ್ ಬಳಸುವ ಗೆಳೆಯರು ಇದನ್ನು ಕೇಳಿ ನಗುತ್ತಾರೆ. ಅಲ್ಲಿ ಕಾಪಿ ಬಫರ್ ಕಮಾಂಡ್ ಬರೆದ ಮಾತ್ರಕ್ಕೆ ಏನೂ ಆಗುವುದಿಲ್ಲ. ಕೆಲಸಗಳ ಕ್ಯೂಗೆ ಸಬ್ಮಿಟ್ ಮಾಡಬೇಕು, ಮುಗಿಯಿತು ಅಂತ ತಿಳಿಸುವ ಫೆನ್ಸ್‌ಗೆ ಕಾಯಬೇಕು, ಶೇಡರ್ (ಕಾರ್ಡ್ ಮೇಲೆ ಓಡುವ ಪ್ರೋಗ್ರಾಮ್) ಓದುವ ಮುಂಚೆ ಬ್ಯಾರಿಯರ್ ಎಂಬ ತಡೆ ಹಾಕಬೇಕು. ಬರೆಯುವವರಿಗೆ ತಲೆನೋವು. ರಿವ್ಯೂ ಮಾಡುವ ನನಗೆ ಅದೇ ಇಷ್ಟ, ಯಾಕೆಂದರೆ ಕಾಯುವ ಜಾಗ ಕೋಡಿನಲ್ಲೇ ಕಣ್ಣಿಗೆ ಕಾಣುತ್ತದೆ.

ಕಾಪಿ ಕೋಡಿನಲ್ಲಿ ಎಲ್ಲರೂ ಮೊದಲು ಹುಡುಕುವುದು ಸೈಜ್ ತಪ್ಪು. ಬೈಟ್ ಲೆಕ್ಕದ ಜಾಗಕ್ಕೆ ಪಿಕ್ಸೆಲ್ ಲೆಕ್ಕ ಕೊಟ್ಟಿದ್ದು, ಇಲ್ಲವೇ ಸಾಲಿನ ಕೊನೆಗೆ ಸೇರುವ ಖಾಲಿ ಬೈಟುಗಳನ್ನು (ಪ್ಯಾಡಿಂಗ್) ಮರೆತಿದ್ದು. ನಮ್ಮ ಫೋಟೊದ ಒಂದು ಸಾಲು 5,760 ಬೈಟ್. ಕಾರ್ಡ್ ಅದನ್ನು 512ರ ಗುಣಕಕ್ಕೆ ಏರಿಸಿದರೆ 6,144 ಆಗುತ್ತದೆ. ಇದನ್ನು ಗಮನಿಸದೆ ಒಂದೇ ಉಸಿರಿಗೆ ಕಾಪಿ ಮಾಡಿದರೆ ಫೋಟೊ ಓರೆಯಾಗಿ ಹರಿದುಹೋಗುತ್ತದೆ. ಇವಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲ ಫ್ರೇಮಿನಲ್ಲೇ ಮುಖಕ್ಕೆ ಹೊಡೆದ ಹಾಗೆ ಕಾಣುವ ತಪ್ಪುಗಳು ಇವು. ನಾನು ಈಗ ಜಾಸ್ತಿ ಹೊತ್ತು ಕೂರುವುದು ಗ್ರಾಫ್ ಮುಂದೆ. ಫಾಸ್ಟ್ ಆಯಿತು ಅಂತ ಯಾರಾದರೂ ಗ್ರಾಫ್ ತಂದರೆ, ಮೊದಲು ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಮಾಡುತ್ತಿಲ್ಲ ಅಂತ ಕೇಳುತ್ತೇನೆ. ಉತ್ತರ ಸಿಗುವವರೆಗೆ ಹೆಬ್ಬೆರಳು ಒತ್ತುವುದಿಲ್ಲ. ಇದರಿಂದ ಟೀಮಿನಲ್ಲಿ ನನಗೆ ಒಂದು ಅಡ್ಡಹೆಸರೂ ಬಿದ್ದಿದೆಯಂತೆ, ನನ್ನೆದುರು ಯಾರೂ ಹೇಳಿಲ್ಲ.

ನಕಲಿ ಕ್ಯಾಮೆರಾದ ಪರೀಕ್ಷೆ ಈಗ ರಾತ್ರಿಯ ಬಿಲ್ಡ್ ಜೊತೆ ಓಡುತ್ತದೆ. ಹುಡುಗ ಸುಮ್ಮನಿಲ್ಲ. ಪಿನ್ಡ್ ರುಚಿ ಹತ್ತಿದೆ, ಉಳಿದ ಬಫರ್‌ಗಳನ್ನೂ ಪಿನ್ ಮಾಡುವ ಬದಲಾವಣೆ ಕಳಿಸಿದ್ದಾನೆ. ಪಿನ್ ಮಾಡಿದ ಮೆಮೊರಿಯನ್ನು ಆಪರೇಟಿಂಗ್ ಸಿಸ್ಟಮ್ ಬೇರೆಯವರಿಗೆ ಬಿಡಿಸಿಕೊಡಲು ಆಗುವುದಿಲ್ಲ, ಮಂಡಿಗಳಿಗೆ ನಾವು ಕೊಟ್ಟಿರುವ ಪಿಸಿಗಳಲ್ಲಿ ರ‍್ಯಾಮ್ ಧಾರಾಳವಾಗಿಲ್ಲ. ಒಟ್ಟು ಎಷ್ಟು ಪಿನ್ ಆಗುತ್ತದೆ ಅಂತ ಲೆಕ್ಕ ಹಾಕಿ ಕಳಿಸು ಅಂತ ಕಾಮೆಂಟ್ ಹಾಕಿದ್ದೇನೆ. ಇನ್ನೂ ಬಂದಿಲ್ಲ.