ಟ್ರ್ಯಾಕರ್ ಇಲ್ಲದೆ ಆಕಾಶಗಂಗೆ: ಈ ಬೇಸಿಗೆಯ ಪ್ರಗತಿ

ಒಂದೊಂದು ಚಿತ್ರಕ್ಕೆ ಶಟರ್ ತೆರೆದಿಡುವ ಹೊತ್ತು 20 ಸೆಕೆಂಡಿನಿಂದ 8ಕ್ಕೆ ಇಳಿದಿದೆ. ಚಳ್ಳಕೆರೆ ಆಚೆಯ ಬಯಲಿನಲ್ಲಿ ತೆಗೆದ ಫ್ರೇಮುಗಳನ್ನು ಪೂರ್ತಿ ಹಿಗ್ಗಿಸಿ ನೋಡಿದರೂ ಜ್ಯೇಷ್ಠಾ ನಕ್ಷತ್ರ ಈಗ ಗೆರೆಯಾಗದೆ ಚುಕ್ಕಿಯಾಗಿಯೇ ಕಾಣುತ್ತಿದೆ.

ಎಲ್ಲರೂ ಹೇಳಿಕೊಡುವ ‘500ರ ನಿಯಮ’ದ (500ನ್ನು ಲೆನ್ಸಿನ ಮಿ.ಮೀ.ನಿಂದ ಭಾಗಿಸಿದರೆ ನಕ್ಷತ್ರ ಗೆರೆಯಾಗದ ಗರಿಷ್ಠ ಸೆಕೆಂಡು) ಪ್ರಕಾರ 20 ಸೆಕೆಂಡು ತಪ್ಪಲ್ಲ. ನನ್ನ 16 ಮಿ.ಮೀ. ಲೆನ್ಸು ಕ್ರಾಪ್ (ಚಿಕ್ಕ ಗಾತ್ರದ) ಸೆನ್ಸರಿನಲ್ಲಿ 24 ಮಿ.ಮೀ.ಗೆ ಸಮ, 500ನ್ನು 24ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಮೊಬೈಲಿನಲ್ಲಿ ನೋಡುವ ಚಿತ್ರಕ್ಕೆ ಅದು ಸಾಕು, ನನ್ನ ಕ್ಯಾಮೆರಾದ 24 ಮೆಗಾಪಿಕ್ಸೆಲ್ಲಿಗೆ ಸಾಲದು. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಸರಿಯುತ್ತದೆ, ನನ್ನ ಒಂದು ಪಿಕ್ಸೆಲ್ ಹಿಡಿಯುವ ಆಕಾಶದ ಅಳತೆ ಸುಮಾರು 50 ಆರ್ಕ್‌ಸೆಕೆಂಡ್. ಮಹಾವ್ಯಾಧನ ನಡುಪಟ್ಟಿಯಂತೆ ಖಗೋಳ ವಿಷುವದ್ವೃತ್ತದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿರುವ ಗೆರೆಯ) ಹತ್ತಿರವಿರುವ ನಕ್ಷತ್ರ 20 ಸೆಕೆಂಡಿಗೆ ಆರು ಪಿಕ್ಸೆಲ್ ಎಳೆಯುತ್ತದೆ. 8 ಸೆಕೆಂಡಿಗೆ ಎರಡೂವರೆಯೂ ಇಲ್ಲ.

ಆಕಾಶದ ಚಲನೆಯ ಜೊತೆಗೇ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಕೊಳ್ಳಬಾರದೇ ಎಂದು ಗೆಳೆಯರು ಕೇಳುತ್ತಾರೆ. ನಮ್ಮ ಅಕ್ಷಾಂಶದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 14 ಡಿಗ್ರಿ ಮೇಲಿರುತ್ತದೆ. ಬೇಸಿಗೆಯ ದೂಳು, ಮಬ್ಬು, ದೂರದ ಊರಿನ ದೀಪ ಎಲ್ಲವೂ ಅಲ್ಲೇ. ಆ ನಕ್ಷತ್ರವನ್ನು ಹುಡುಕಿ ಅದರತ್ತ ಟ್ರ್ಯಾಕರನ್ನು ಹೊಂದಿಸುವಷ್ಟರಲ್ಲಿ ಒಂದು ಸ್ಟ್ಯಾಕಿಗೆ (ಒಂದರ ಮೇಲೊಂದು ಸೇರಿಸುವ ಚಿತ್ರಗಳ ಕಟ್ಟಿಗೆ) ಬೇಕಾದ ಫ್ರೇಮುಗಳೇ ಮುಗಿದಿರುತ್ತವೆ.

ಕಡಿಮೆ ಹೊತ್ತು ಎಂದರೆ ಕಡಿಮೆ ಬೆಳಕು, ಹಾಗಾಗಿ ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು ಕಲೆ) ಎದ್ದು ಕಾಣುತ್ತದೆ. ಅದಕ್ಕೆ ಮದ್ದು ಸ್ಟ್ಯಾಕಿಂಗ್. ಐಎಸ್‌ಒ 3200ರಲ್ಲಿ ಒಂದರ ಹಿಂದೊಂದು ತೆಗೆದು, ಸೀಕ್ವೇಟರ್ ಎಂಬ ತಂತ್ರಾಂಶದಲ್ಲಿ ನಕ್ಷತ್ರಗಳನ್ನು ಹೊಂದಿಸಿ ಸರಾಸರಿ ತೆಗೆಯುತ್ತೇನೆ. ನಾಯ್ಸ್ ಇಳಿಯುವುದು ಫ್ರೇಮುಗಳ ವರ್ಗಮೂಲದಷ್ಟು: 16ಕ್ಕೆ ಕಾಲುಭಾಗ, 64ಕ್ಕೆ ಎಂಟನೇ ಒಂದು ಭಾಗ. ಅಲ್ಲಿಂದ ಮುಂದೆ ಹೋದರೆ ಲ್ಯಾಪ್‌ಟಾಪಿಗೆ ಸುಮ್ಮನೆ ಹಿಂಸೆ.

ಸರಾಸರಿಗೆ ಬಗ್ಗದಿರುವುದು ಹಾಟ್ ಪಿಕ್ಸೆಲ್, ಅಂದರೆ ಬೆಳಕು ಬೀಳದಿದ್ದರೂ ಹೊಳೆಯುವ ಪಿಕ್ಸೆಲ್. ನಕ್ಷತ್ರಗಳನ್ನು ಹೊಂದಿಸುವಾಗ ಅವು ಕೆಂಪು, ನೀಲಿ ಗೀಚುಗಳಾಗಿ ಸಾಲುಗಟ್ಟುತ್ತವೆ. ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ 8 ಸೆಕೆಂಡಿನಲ್ಲಿ ಡಾರ್ಕ್ ಫ್ರೇಮುಗಳನ್ನು ತೆಗೆದು ಕಳೆಯಬೇಕು. ಇದನ್ನು ಬಯಲಿನಲ್ಲೇ, ಕೊನೆಯ ಫ್ರೇಮಿನ ಬೆನ್ನಿಗೇ ಮಾಡುತ್ತೇನೆ. ಸೆನ್ಸರಿನ ಬಿಸಿ ಆರೇಳು ಡಿಗ್ರಿ ಬದಲಾದರೂ ಡಾರ್ಕ್ ಕರೆಂಟ್ (ಬೆಳಕಿಲ್ಲದೆಯೂ ಬಿಸಿಯಿಂದ ಸೆನ್ಸರಿನಲ್ಲಿ ಹುಟ್ಟುವ ಸಂಕೇತ) ಹತ್ತಿರಹತ್ತಿರ ಇಮ್ಮಡಿ ವ್ಯತ್ಯಾಸವಾಗುತ್ತದೆ. ಮನೆಗೆ ಬಂದು ಫ್ಯಾನಿನ ಕೆಳಗೆ ತೆಗೆದ ಡಾರ್ಕ್ ಏಪ್ರಿಲ್ ರಾತ್ರಿಯ ಚಿತ್ರಕ್ಕೆ ಹೊಂದುವುದಿಲ್ಲ. ಕ್ಯಾಮೆರಾದೊಳಗಿನ ‘ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್’ ಆಫ್. ಪ್ರತಿ ಚಿತ್ರಕ್ಕೂ ಅಷ್ಟೇ ಹೊತ್ತು ಕಾಯಿಸುವ ಅದರ ಗೊಡವೆ ಬೇಡ.

ಬಾಕಿ ಉಳಿದಿರುವುದು ನೆಲ. ಸ್ಟ್ಯಾಕಿನಲ್ಲಿ ನಕ್ಷತ್ರ ನಿಂತರೆ ಜಾಲಿಮರ ಓಡುತ್ತದೆ. ನೆಲವನ್ನು ಸ್ಥಿರವಾಗಿಡುವ ಆಯ್ಕೆ ಸೀಕ್ವೇಟರಿನಲ್ಲಿದೆ, ಆದರೆ ಆಕಾಶಕ್ಕೆ ತಾಗುವ ಸಣ್ಣ ರೆಂಬೆಗಳ ಸುತ್ತ ಮಸುಕು ಅಂಚು ಉಳಿಯುತ್ತಿದೆ. ಮುಂದಿನ ಅಮಾವಾಸ್ಯೆಗೆ ನೆಲಕ್ಕೆಂದೇ ಎರಡು ನಿಮಿಷದ ಬೇರೆ ಫ್ರೇಮುಗಳು, ಐಎಸ್‌ಒ 800ರಲ್ಲಿ. ಗಾಳಿ ಬೀಸದಿದ್ದರೆ.