‘ಅಪಾಯವಿಲ್ಲ’ ಎಂದ ಮೇಲೂ ಬಿಡಲಿಲ್ಲವೇಕೆ? ಗ್ವಾಂಟನಾಮೊದ ಉಯ್ಗರರ ಕಡತ

ಕ್ಯೂಬಾದ ನೆಲದಲ್ಲಿ ಅಮೆರಿಕ ನಡೆಸುವ ಸೇನಾ ಜೈಲು ಗ್ವಾಂಟನಾಮೊ ಬಗ್ಗೆ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಇದು: “ಚೀನಾದ ಆ ಉಯ್ಗರರಿಂದ ತನಗೆ ಅಪಾಯವಿಲ್ಲ ಎಂದು ಅಮೆರಿಕವೇ ಒಪ್ಪಿಕೊಂಡಿತಲ್ಲ, ಆಮೇಲೂ ವರ್ಷಗಟ್ಟಲೆ ಕೂಡಿಹಾಕಿದ್ದೇಕೆ?” ಇದರ ಬೆನ್ನಿಗೇ ಇನ್ನೊಂದು: “ಬಿಡುವುದಾದರೆ ಅವರ ಊರಿಗೇ ಕಳಿಸಬಹುದಿತ್ತಲ್ಲ?”

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಬಂಧಿತನ ಅಪಾಯ ಅಳೆಯುವುದು ಒಂದು ಲೆಕ್ಕ, ಅವನನ್ನು ಎಲ್ಲಿಗೆ ಕಳಿಸಬೇಕು ಎಂಬುದು ಬೇರೆಯೇ ಲೆಕ್ಕ. ಮೊದಲನೆಯದರಲ್ಲಿ ‘ಇವನು ನಮಗೆ ಏನು ಮಾಡಿಯಾನು’ ಎಂದು ಕೇಳುತ್ತಾರೆ. ಎರಡನೆಯದರಲ್ಲಿ ‘ಇವನಿಗೆ ಅಲ್ಲಿ ಏನು ಮಾಡಿಯಾರು’ ಎಂದು ಕೇಳಬೇಕು. ಜೊತೆಗೆ, ಇವನನ್ನು ಕರೆದುಕೊಂಡ ದೇಶಕ್ಕೆ ಚೀನಾ ಏನು ಮಾಡೀತು ಎಂಬ ಮೂರನೆಯ ಲೆಕ್ಕವೂ ಇತ್ತು. ಅದನ್ನು ಯಾರೂ ಕಾಗದದ ಮೇಲೆ ಬರೆಯುತ್ತಿರಲಿಲ್ಲ, ಆದರೆ ಎಲ್ಲರ ತಲೆಯಲ್ಲೂ ಅದೇ ಓಡುತ್ತಿತ್ತು.

ಮೊದಲು, ಇವರು ಯಾರು? ಒಟ್ಟು 22 ಜನ. ಎಲ್ಲರೂ ಚೀನಾದ ವಾಯವ್ಯ ಮೂಲೆಯ ಷಿನ್‌ಜಿಯಾಂಗ್ ಕಡೆಯವರು. ಆ ನೆಲವನ್ನು ಅವರು ಪೂರ್ವ ತುರ್ಕಿಸ್ತಾನ ಎನ್ನುತ್ತಾರೆ. ತುರ್ಕಿ ಬಳಗದ ಭಾಷೆಯಾಡುವ ಮುಸ್ಲಿಮರು. ಚೀನೀ ಆಡಳಿತದ ಕಾಟ ತಾಳದೆ ಊರು ಬಿಟ್ಟವರಲ್ಲಿ ಹೆಚ್ಚಿನವರು 2001ರಲ್ಲಿ ಅಫ್ಗಾನಿಸ್ತಾನದ ಜಲಾಲಾಬಾದ್ ಸೀಮೆಯ ತೋರಾ ಬೋರಾ ಬೆಟ್ಟಗಳ ಹತ್ತಿರ ಒಂದು ಪುಟ್ಟ ಬಿಡಾರದಲ್ಲಿದ್ದರು. ಮನೆ ರಿಪೇರಿ, ಪ್ರಾರ್ಥನೆ, ಕಲಾಶ್ನಿಕೋವ್ ರೈಫಲ್‌ನಲ್ಲಿ ಒಂದಿಷ್ಟು ಅಭ್ಯಾಸ: ವಿಚಾರಣೆಯಲ್ಲಿ ಅವರು ಒಪ್ಪಿಕೊಂಡದ್ದು ಇಷ್ಟು. ಅಕ್ಟೋಬರ್‌ನಲ್ಲಿ ಅಮೆರಿಕದ ಬಾಂಬ್ ದಾಳಿ ಶುರುವಾದಾಗ ಬೆಟ್ಟ ಹತ್ತಿ, ಗಡಿ ದಾಟಿ ಪಾಕಿಸ್ತಾನಕ್ಕೆ ಬಂದರು. ಪರದೇಶಿ ಹೋರಾಟಗಾರರನ್ನು ಹಿಡಿದುಕೊಟ್ಟವರಿಗೆ ತಲೆಗಿಷ್ಟು ಎಂದು ಅಮೆರಿಕ ಬಹುಮಾನ ಸಾರಿದ್ದ ಕಾಲ ಅದು. ಆಶ್ರಯ ಕೊಟ್ಟ ಊರಿನವರೇ ಇವರನ್ನು ಒಪ್ಪಿಸಿದರು. ಅಲ್ಲಿಂದ ಕಂದಹಾರ್‌ನ ಸೇನಾ ನೆಲೆ, 2002ರಲ್ಲಿ ಗ್ವಾಂಟನಾಮೊ. ರಣರಂಗದಲ್ಲಿ ಅಮೆರಿಕದ ಸೈನಿಕರ ಎದುರು ಬಂದೂಕು ಹಿಡಿದು ಸಿಕ್ಕಿಬಿದ್ದವರಲ್ಲ ಇವರು.

ಈಗ ಕಡತಕ್ಕೆ ಬರೋಣ. ಗ್ವಾಂಟನಾಮೊದ ಜೈಲು ನೋಡಿಕೊಳ್ಳುತ್ತಿದ್ದ ಸೇನೆಯ ಜಂಟಿ ಕಾರ್ಯಪಡೆ ಒಬ್ಬೊಬ್ಬ ಬಂಧಿತನ ಮೇಲೂ ಒಂದು ಮೌಲ್ಯಮಾಪನ ಮೆಮೊ ಬರೆದು, ತನ್ನ ಮೇಲಿನ ಕಚೇರಿಯಾದ ಮಯಾಮಿಯ ದಕ್ಷಿಣ ಕಮಾಂಡ್‌ಗೆ ಕಳಿಸುತ್ತಿತ್ತು. 2011ರ ಏಪ್ರಿಲ್‌ನಲ್ಲಿ, ಗುಪ್ತ ದಾಖಲೆ ಬಯಲು ಮಾಡುವ ವಿಕಿಲೀಕ್ಸ್ ತಾಣ ಹೊರಹಾಕಿದ ರಾಶಿ ಇದೇ. ನಮ್ಮ ಸರ್ಕಾರಿ ಕಚೇರಿಯ ಕಡತ ನೋಡಿದವರಿಗೆ ಇದರ ಅಚ್ಚು ಹೊಸದೆನಿಸುವುದಿಲ್ಲ. ಕಂಡಿಕೆ ಕಂಡಿಕೆಯಾಗಿ ಹೋಗುತ್ತದೆ: ವೈಯಕ್ತಿಕ ವಿವರ ಮತ್ತು ಬಂಧಿತ ಸಂಖ್ಯೆ, ಆರೋಗ್ಯ, ಶಿಫಾರಸು, ಅವನೇ ಹೇಳಿಕೊಂಡ ಹಿನ್ನೆಲೆ, ಸೆರೆಸಿಕ್ಕ ಬಗೆ, ಅವನ ಮಾತು ಎಷ್ಟು ನಂಬಬಹುದು ಎಂಬ ಷರಾ, ಅಪಾಯದ ಅಂದಾಜು, ಮಾಹಿತಿಯ ಮೌಲ್ಯ, ಕೊನೆಗೆ ‘ಶತ್ರು ಯೋಧ’, ಅಂದರೆ ಅಮೆರಿಕದ ವಿರುದ್ಧ ಕಾದುವ ಪಡೆಯ ಕಡೆಯವನೆಂದು ಬಂಧನದಲ್ಲಿಡಬಹುದಾದವನು, ಹೌದೋ ಅಲ್ಲವೋ.

ಇಲ್ಲಿ ಓದುಗರು ಎಡವುವುದು ‘ಅಪಾಯ’ ಎಂಬ ಪದದಲ್ಲಿ. ಮೆಮೊದಲ್ಲಿ ಅಳತೆ ಒಂದಲ್ಲ, ಮೂರು. ಬಿಟ್ಟರೆ ಅಮೆರಿಕಕ್ಕೂ ಅದರ ಮಿತ್ರರಿಗೂ ಎಷ್ಟು ಅಪಾಯ ಎಂಬುದು ಒಂದು. ಜೈಲಿನೊಳಗೆ ಕಾವಲುಗಾರರಿಗೆ ಎಷ್ಟು ತೊಂದರೆ ಎಂಬುದು ಎರಡನೆಯದು. ಊಟ ಬಿಟ್ಟು ಮುಷ್ಕರ ಹೂಡಿದ್ದು, ಕಾವಲುಗಾರರ ಮೇಲೆ ಏನಾದರೂ ಎರಚಿದ್ದು, ಮಾತು ಕೇಳದಿದ್ದು ಎಲ್ಲವೂ ಇಲ್ಲಿ ಎಣಿಕೆಯಾಗುತ್ತದೆ. ಇನ್ನೂ ಅವನಿಂದ ಕೇಳಿ ತಿಳಿಯುವುದು ಏನಾದರೂ ಉಳಿದಿದೆಯೇ ಎಂಬುದು ಮೂರನೆಯದು. ಮೂರಕ್ಕೂ ಹೆಚ್ಚು, ಮಧ್ಯಮ, ಕಡಿಮೆ ಎಂಬ ಮೂರೇ ದರ್ಜೆ. ಬಿಡುಗಡೆಯ ಪ್ರಶ್ನೆಗೆ ಬೇಕಾದದ್ದು ಮೊದಲನೆಯದು. ಅದರಲ್ಲಿ ‘ಹೆಚ್ಚು’ ಎಂದರೆ ಅಪಾಯ ಒಡ್ಡುವ ಸಂಭವವೇ ಜಾಸ್ತಿ, ‘ಮಧ್ಯಮ’ ಎಂದರೆ ಒಡ್ಡಿದರೂ ಒಡ್ಡಬಹುದು, ‘ಕಡಿಮೆ’ ಎಂದರೆ ಒಡ್ಡಲಾರ. ‘ಮಧ್ಯಮ’ ಎಂಬುದು ಬಹುಪಾಲು ‘ನಮಗೆ ಗೊತ್ತಿಲ್ಲ’ ಎಂಬುದರ ಮರ್ಯಾದೆಯ ರೂಪ. ಗೊತ್ತಿಲ್ಲ ಎಂದು ಬರೆದು ರುಜು ಹಾಕುವ ಧೈರ್ಯ ಯಾವ ಅಧಿಕಾರಿಗಿದೆ?

ಶಿಫಾರಸಿನಲ್ಲೂ ಮೂರು ದಾರಿ: ಇಲ್ಲೇ ಮುಂದುವರಿಸು, ಬೇರೆ ದೇಶಕ್ಕೆ ಒಪ್ಪಿಸಿ ಅಲ್ಲಿ ಬಂಧನದಲ್ಲಿಡು, ಅಥವಾ ನಮ್ಮ ಕೈಯಿಂದ ಆಚೆ ಕಳಿಸು. ಒಂದೇ ಬಂಧಿತನ ಬಗ್ಗೆ ಎರಡು ಅಂದಾಜು ಇದ್ದದ್ದೂ ಉಂಟು. ಅಪರಾಧ ತನಿಖೆಗೆಂದೇ ರಕ್ಷಣಾ ಇಲಾಖೆಯ ಇನ್ನೊಂದು ತಂಡವಿತ್ತು. ಆ ತಂಡ ‘ಕಡಿಮೆ ಅಪಾಯ’ ಎಂದು, ಕಾರ್ಯಪಡೆ ‘ಮಧ್ಯಮ’ ಎಂದರೆ, ಇಬ್ಬರ ನಡುವಿನ ಒಪ್ಪಂದದ ಪ್ರಕಾರ ತನಿಖಾ ತಂಡ ಹಿಂದೆ ಸರಿಯುತ್ತಿತ್ತು. ಸಾಕ್ಷ್ಯ ತೂಗಿ ಅಭ್ಯಾಸವಿದ್ದವರ ಮಾತು ಹೀಗೆ ಒಂದು ಸಾಲಿನ ಟಿಪ್ಪಣಿಯಾಗಿ ಉಳಿಯಿತು.

ಅಂದಾಜಿಗೆ ಆಧಾರ ಏನು? ಸೂಚಕಗಳ ಒಂದು ತಖ್ತೆಯೇ ಇತ್ತು. ಯಾವ ದಾರಿಯಲ್ಲಿ ಬಂದ, ಯಾವ ಅತಿಥಿಗೃಹದಲ್ಲಿ ಉಳಿದ, ಜೇಬಿನಲ್ಲಿ ನೂರು ಡಾಲರಿನ ನೋಟು ಇತ್ತೇ ಎಂಬುದೆಲ್ಲ ಅದರಲ್ಲಿತ್ತು. ಕೈಯಲ್ಲಿ ಕ್ಯಾಸಿಯೊ ಎಫ್-91ಡಬ್ಲ್ಯೂ ಗಡಿಯಾರವಿದ್ದರೂ ಗುರುತು, ಏಕೆಂದರೆ ಬಾಂಬಿನ ಟೈಮರ್‌ಗೆ ಅದು ಒದಗುತ್ತದೆ. ಆ ಗಡಿಯಾರ ಜಗತ್ತಿನ ಸಂತೆಗಳಲ್ಲೆಲ್ಲ ಸಿಗುವ ಅಗ್ಗದ ಮಾಲು ಎಂಬುದು ಬೇರೆ ಮಾತು.

ಉಯ್ಗರರ ಕಡತದಲ್ಲಿ ಗಡಿಯಾರಕ್ಕಿಂತ ದೊಡ್ಡ ಕೊಂಡಿ ಇನ್ನೊಂದಿತ್ತು. ಇವನು ಆ ಬಿಡಾರದಲ್ಲಿದ್ದ. ಬಿಡಾರ ಪೂರ್ವ ತುರ್ಕಿಸ್ತಾನ ಇಸ್ಲಾಮಿಕ್ ಚಳವಳಿ, ಅಂದರೆ ಇಟಿಐಎಂ ಸಂಘಟನೆಯದು. ಆ ಸಂಘಟನೆಗೆ ಅಲ್ ಖೈದಾ, ತಾಲಿಬಾನ್ ನಂಟಿದೆ. ಆದ್ದರಿಂದ ಇವನು ಶತ್ರು ಯೋಧ. ಸರಪಳಿಯ ಒಂದೊಂದು ಕೊಂಡಿಯನ್ನೂ ಬೇರೆಬೇರೆಯಾಗಿ ಸಾಬೀತು ಮಾಡಬೇಕು. ಇವರನ್ನು ಹಿಡಿದಾಗ ಇಟಿಐಎಂ ಅಮೆರಿಕದ ಉಗ್ರರ ಪಟ್ಟಿಯಲ್ಲಿ ಇರಲೇ ಇಲ್ಲ. ಅಮೆರಿಕವೂ ವಿಶ್ವಸಂಸ್ಥೆಯೂ ಅದನ್ನು ಪಟ್ಟಿಗೆ ಸೇರಿಸಿದ್ದು 2002ರಲ್ಲಿ, ಇವರು ಆಗಲೇ ಸೆರೆಯಲ್ಲಿದ್ದಾಗ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಚೀನಾದ ಅಧಿಕಾರಿಗಳು ಗ್ವಾಂಟನಾಮೊಗೆ ಬಂದು ಇವರನ್ನು ಪ್ರಶ್ನಿಸಿ ಹೋದರು. ಊರಿಗೆ ವಾಪಸು ಕಳಿಸುವ ದಾರಿ ಮುಚ್ಚಿಹೋಗಲು ಆ ಭೇಟಿಯೂ ಒಂದು ಕಾರಣ. ಇಂಥವನು ಅಮೆರಿಕದ ಸೆರೆಯಲ್ಲಿದ್ದಾನೆ ಎಂಬುದು ಬೀಜಿಂಗ್‌ಗೆ ಹೆಸರು ಸಮೇತ ಗೊತ್ತಾಗಿತ್ತು.

2004ರ ಜುಲೈನಿಂದ ಮೂವರು ಸೇನಾಧಿಕಾರಿಗಳ ವಿಚಾರಣಾ ಮಂಡಳಿಗಳು ಕೂತವು. ಬಂಧಿತನಿಗೆ ವಕೀಲನಿಲ್ಲ, ಸೇನೆಯೇ ಕೊಟ್ಟ ಒಬ್ಬ ಪ್ರತಿನಿಧಿ. ಗುಪ್ತ ಸಾಕ್ಷ್ಯ ಅವನ ಕಣ್ಣಿಗೆ ಬೀಳುವಂತಿಲ್ಲ. 558 ಜನರ ವಿಚಾರಣೆಯಲ್ಲಿ 38 ಮಂದಿ ‘ಇನ್ನು ಶತ್ರು ಯೋಧರಲ್ಲ’ ಎನಿಸಿಕೊಂಡರು. ಅವರಲ್ಲಿ ಉಯ್ಗರರು ಐವರು. ಉಳಿದ 17 ಉಯ್ಗರರು ಶತ್ರು ಯೋಧರಾಗಿಯೇ ಉಳಿದರು. ಹೆಚ್ಚುಕಡಿಮೆ ಒಂದೇ ಹೇಳಿಕೆ, ಫಲಿತಾಂಶ ಮಾತ್ರ ಎರಡು. ಎಂಥ ಮಂಡಳಿ ಎದುರಾಯಿತು ಎಂಬುದರ ಮೇಲೆ ಹಣೆಬರಹ ನಿಂತಿತ್ತೆಂದರೆ ತಪ್ಪಲ್ಲ.

ಆ 17ರಲ್ಲಿ ಒಬ್ಬನಾದ ಪರ್ಹತ್ ಆಗಿನ ರಕ್ಷಣಾ ಕಾರ್ಯದರ್ಶಿ ಗೇಟ್ಸ್ ವಿರುದ್ಧ ಹೂಡಿದ ಪ್ರಕರಣ 2008ರ ಜೂನ್‌ನಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಅಪಾಯದ ಅಂದಾಜು ಹೇಗಿರಬಾರದು ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಅವನು ಅಲ್ ಖೈದಾದವನಲ್ಲ, ತಾಲಿಬಾನಿನವನಲ್ಲ, ಅಮೆರಿಕದ ವಿರುದ್ಧ ಯಾವ ಕೃತ್ಯದಲ್ಲೂ ಕೈಯಾಡಿಸಿಲ್ಲ ಎಂಬುದರಲ್ಲಿ ತಕರಾರೇ ಇರಲಿಲ್ಲ. ಸಂಘಟನೆಗೆ ಅಲ್ ಖೈದಾ ನಂಟು, ಸಂಘಟನೆ ಅಮೆರಿಕದ ಮೇಲೆ ಕಾದಾಟಕ್ಕಿಳಿದಿದೆ ಎಂಬ ಎರಡು ಅಂಶಗಳಿಗೆ ಸರ್ಕಾರದ ಬಳಿ ಇದ್ದದ್ದು ನಾಲ್ಕು ಗುಪ್ತಚರ ದಾಖಲೆ. ಅವುಗಳಲ್ಲಿ ವಾಕ್ಯ ವಾಕ್ಯವೂ ‘ಎಂದು ಹೇಳಲಾಗಿದೆ’, ‘ಎಂದು ವರದಿಯಾಗಿದೆ’. ಯಾರು ಹೇಳಿದರು, ಎಲ್ಲಿಂದ ವರದಿ, ಅವರನ್ನು ನಂಬುವುದು ಹೇಗೆ, ಏನೂ ಇಲ್ಲ. ಇದಕ್ಕೆ ಕನ್ನಡದಲ್ಲಿ ಒಂದೇ ಪದ ಸಾಕು: ಅಂತೆ. ಇಟಿಐಎಂಗೆ ನಂಟಿದೆಯಂತೆ, ಅಲ್ಲಿ ತರಬೇತಿ ನಡೆಯಿತಂತೆ. ಅಂತೆಕಂತೆಗಳ ಸಂತೆ. ಹಲವು ದಾಖಲೆಗಳಲ್ಲಿ ಒಂದೇ ಮಾತಿದೆಯಲ್ಲ ಎಂದು ಸರ್ಕಾರ ವಾದಿಸಿತು. ಒಂದೇ ಮಾತನ್ನು ಮೂರು ಸಲ ಹೇಳಿದ ಮಾತ್ರಕ್ಕೆ ಅದು ನಿಜವಾಗದು ಎಂದು ನ್ಯಾಯಮೂರ್ತಿ ಮೆರಿಕ್ ಗಾರ್ಲೆಂಡ್ ತೀರ್ಪಿನಲ್ಲಿ ಬರೆದರು. ಆ ಮಾತುಗಳ ಮೂಲ ಚೀನಾ ಸರ್ಕಾರವೇ ಇರಬಹುದು, ಆಗ ಅದು ನಿಷ್ಪಕ್ಷಪಾತಿ ಸಾಕ್ಷಿಯಾಗದು ಎಂಬ ಬಂಧಿತನ ವಾದವನ್ನೂ ನ್ಯಾಯಾಲಯ ತಳ್ಳಿಹಾಕಲಿಲ್ಲ. ಗುಪ್ತಚರ ಕಡತದ ದೊಡ್ಡ ರೋಗ ಇದು: ಒಂದೇ ಬಾಯಿಂದ ಹೊರಟ ಮಾತು ನಾಲ್ಕು ಇಲಾಖೆಗಳ ಲೆಟರ್‌ಹೆಡ್ ಏರಿ ಬಂದರೆ ನಾಲ್ಕು ಸಾಕ್ಷಿಯಂತೆ ಕಾಣುತ್ತದೆ.

ಅದೇ ವರ್ಷ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಉಳಿದ 17 ಜನರನ್ನೂ ಶತ್ರು ಯೋಧರೆಂದು ವಾದಿಸುವುದನ್ನು ಸರ್ಕಾರ ಕೈಬಿಟ್ಟಿತು. ಅಪಾಯದ ಲೆಕ್ಕ ಅಲ್ಲಿಗೆ ಮುಗಿದಂತೆ. ಕೊನೆಯವರು ಹೊರಬಿದ್ದದ್ದು ಮಾತ್ರ 2013ರ ಡಿಸೆಂಬರ್‌ನಲ್ಲಿ.

ನಡುವಿನ ಐದು ವರ್ಷ ಹೋದದ್ದು ಹಸ್ತಾಂತರದ ಲೆಕ್ಕಕ್ಕೆ. ಚಿತ್ರಹಿಂಸೆ ವಿರೋಧಿ ಒಡಂಬಡಿಕೆಯ 3ನೇ ವಿಧಿಯ ಪ್ರಕಾರ, ಚಿತ್ರಹಿಂಸೆಯಾದೀತು ಎನ್ನಲು ಬಲವಾದ ಕಾರಣವಿರುವ ದೇಶಕ್ಕೆ ಯಾರನ್ನೂ ಕಳಿಸುವಂತಿಲ್ಲ. ಚಿತ್ರಹಿಂಸೆ ಆಗದಿರುವುದಕ್ಕಿಂತ ಆಗುವ ಸಂಭವವೇ ಹೆಚ್ಚೇ ಎಂಬುದು ಅಮೆರಿಕ ಬಳಸಿದ ಅಳತೆ. ಉಯ್ಗರರು ಚೀನಾಕ್ಕೆ ಹೋಗುವುದಿಲ್ಲ ಎಂದು ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪಾವೆಲ್ 2004ರಲ್ಲೇ ಹೇಳಿಯಾಗಿತ್ತು. ಹಾಗಾದರೆ ಬೇರೆ ದೇಶ ಹುಡುಕಬೇಕು. ನೂರಕ್ಕೂ ಹೆಚ್ಚು ದೇಶಗಳ ಬಾಗಿಲು ತಟ್ಟಿದರು.

ಹಸ್ತಾಂತರದ ಕೆಲಸ ನಡೆಯುವುದು ಹೀಗೆ. ವಿದೇಶಾಂಗ ಇಲಾಖೆ ಮಾತುಕತೆ ಶುರುಮಾಡುತ್ತದೆ. ಒಪ್ಪುವ ಲಕ್ಷಣವಿರುವ ದೇಶದ ಅಧಿಕಾರಿಗಳು ಗ್ವಾಂಟನಾಮೊಗೆ ಬಂದು ಬಂಧಿತನನ್ನು ಕಂಡು ಮಾತಾಡುತ್ತಾರೆ, ಕಡತ ನೋಡುತ್ತಾರೆ. ಎರಡು ಬಗೆಯ ಭರವಸೆ ಬೇಕು. ಮನುಷ್ಯನಂತೆ ನಡೆಸಿಕೊಳ್ಳುತ್ತೇವೆ, ಚೀನಾಕ್ಕೆ ದಾಟಿಸುವುದಿಲ್ಲ ಎಂಬುದು ಒಂದು. ನಿಗಾ ಇಡುತ್ತೇವೆ, ಪ್ರಯಾಣಕ್ಕೆ ಮಿತಿ ಹಾಕುತ್ತೇವೆ, ಮಾಹಿತಿ ಹಂಚಿಕೊಳ್ಳುತ್ತೇವೆ ಎಂಬುದು ಇನ್ನೊಂದು. ಆಮೇಲೆ ಮನೆ, ಭಾಷಾ ಪಾಠ, ಕೆಲಸ, ದುಭಾಷಿ. 2009ರಿಂದ ಅಮೆರಿಕ ಸಂಸತ್ತಿಗೆ 15 ದಿನ ಮುಂಚೆ ತಿಳಿಸಬೇಕಾಯಿತು. 2011ರ ನಂತರದ ಕಾನೂನುಗಳಲ್ಲಿ ಅದು 30 ದಿನವಾಗಿ, ರಕ್ಷಣಾ ಕಾರ್ಯದರ್ಶಿಯೇ ಖುದ್ದು ದೃಢೀಕರಿಸಬೇಕೆಂಬ ಷರತ್ತೂ ಸೇರಿತು. ಮುಂದೆ ಇವನು ಏನಾದರೂ ಮಾಡಿದರೆ ರುಜು ಹಾಕಿದವನ ತಲೆಗೇ ಬರುತ್ತದೆ. ಹಾಗಾಗಿ ಯಾರಿಗೂ ಅವಸರವಿರಲಿಲ್ಲ.

ಒಪ್ಪಿದ ದೇಶಗಳನ್ನು ನೋಡಿದರೆ ಮೂರನೆಯ ಲೆಕ್ಕ ಬಯಲಾಗುತ್ತದೆ. 2006ರ ಮೇನಲ್ಲಿ ಐವರು ಅಲ್ಬೇನಿಯಾಕ್ಕೆ ಹೋದರು, ಅದೂ ಅವರ ಮೇಲ್ಮನವಿಯ ವಿಚಾರಣೆಗೆ ಕೆಲವೇ ದಿನ ಇದ್ದಾಗ. 2009ರ ಜೂನ್‌ನಲ್ಲಿ ನಾಲ್ವರು ಬರ್ಮುಡಾಕ್ಕೆ. ಅದರ ವಿದೇಶಾಂಗ ವ್ಯವಹಾರ ಬ್ರಿಟನ್ನಿನ ಹೊಣೆ, ಬ್ರಿಟನ್ನನ್ನೇ ಮುಂಚಿತವಾಗಿ ಕೇಳಿರಲಿಲ್ಲ, ದೊಡ್ಡ ರಾದ್ಧಾಂತವಾಯಿತು. ಅದೇ ವರ್ಷ ಆರು ಮಂದಿ ಪೆಸಿಫಿಕ್ ಸಾಗರದ ಪಲಾವ್ ದ್ವೀಪದೇಶಕ್ಕೆ. ಸುಮಾರು 20,000 ಜನರ ಆ ದೇಶ ರಾಜತಾಂತ್ರಿಕ ಸಂಬಂಧ ಇಟ್ಟುಕೊಂಡಿರುವುದು ತೈವಾನ್ ಜೊತೆ, ಬೀಜಿಂಗ್ ಮುನಿದರೆ ಕಳೆದುಕೊಳ್ಳುವುದು ಕಡಿಮೆ. 2010ರ ಮಾರ್ಚ್‌ನಲ್ಲಿ ಅಣ್ಣತಮ್ಮಂದಿರಿಬ್ಬರು ಸ್ವಿಟ್ಜರ್ಲೆಂಡಿನ ಜುರಾ ಪ್ರಾಂತ್ಯಕ್ಕೆ. ಒಬ್ಬನ ಮಾನಸಿಕ ಆರೋಗ್ಯ ಕೆಟ್ಟಿತ್ತು, ಇನ್ನೊಬ್ಬ ಅವನನ್ನು ಬಿಟ್ಟು ಪಲಾವ್‌ಗೆ ಹೋಗಲೊಲ್ಲೆ ಎಂದಿದ್ದ. 2012ರಲ್ಲಿ ಇಬ್ಬರು ಎಲ್ ಸಾಲ್ವಡಾರ್‌ಗೆ, 2013ರಲ್ಲಿ ಕೊನೆಯ ಮೂವರು ಸ್ಲೊವಾಕಿಯಾಕ್ಕೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಉಯ್ಗರರ ದೊಡ್ಡ ನೆಲೆಯೇ ಇದೆ, ಭಾಷೆ ಬಲ್ಲವರಿದ್ದಾರೆ. ಅಪಾಯ ತಗ್ಗಿಸುವುದೇ ಉದ್ದೇಶವಾಗಿದ್ದರೆ ಅಂಥ ಊರೇ ಸರಿ. ಆದರೆ ಜರ್ಮನಿ ಒಬ್ಬ ಉಯ್ಗರನನ್ನೂ ತೆಗೆದುಕೊಳ್ಳಲಿಲ್ಲ.

“ಅಮೆರಿಕವೇ ಇಟ್ಟುಕೊಳ್ಳಬಹುದಿತ್ತಲ್ಲ?” ನ್ಯಾಯವಾದ ಪ್ರಶ್ನೆ. 2008ರ ಅಕ್ಟೋಬರ್‌ನಲ್ಲಿ ನ್ಯಾಯಾಧೀಶ ರಿಕಾರ್ಡೊ ಅರ್ಬಿನಾ ಹಾಗೆಯೇ ಆದೇಶಿಸಿದರು, 17 ಜನರನ್ನೂ ಅಮೆರಿಕದೊಳಗೆ ಬಿಡಿ ಎಂದು. ಮೇಲಿನ ನ್ಯಾಯಾಲಯ ತಡೆ ಕೊಟ್ಟು, 2009ರ ಫೆಬ್ರವರಿಯಲ್ಲಿ ಆದೇಶ ರದ್ದು ಮಾಡಿತು: ಬಂಧನ ತಪ್ಪಾಗಿರಬಹುದು, ಆದರೆ ದೇಶದೊಳಕ್ಕೆ ಯಾರನ್ನು ಬಿಡಬೇಕೆಂಬುದು ಕೋರ್ಟಿನ ಕೆಲಸವಲ್ಲ. ಆ ವಸಂತದಲ್ಲಿ ಇಬ್ಬರನ್ನು ವರ್ಜೀನಿಯಾದಲ್ಲಿ ನೆಲೆಗೊಳಿಸುವ ಯೋಜನೆ ಸಿದ್ಧವಾಗಿತ್ತು. ಸಂಸದರು ಗದ್ದಲವೆಬ್ಬಿಸಿದ ಮೇಲೆ ಮುಚ್ಚಿಹೋಯಿತು. ಇದರ ಏಟು ಹೊರಗೂ ಬಿತ್ತು. ನಿಮ್ಮ ಮನೆಗೆ ಬೇಡವಾದವನು ನಮ್ಮ ಮನೆಗೆ ಹೇಗೆ ಬೇಕಾದಾನು ಎಂದು ಯುರೋಪಿನವರು ಕೇಳಿದರೆ ವಾಷಿಂಗ್ಟನ್ ಬಳಿ ಉತ್ತರವಿರಲಿಲ್ಲ.

ಇನ್ನೊಂದು ಆಕ್ಷೇಪ: ಕೆಲವರು ಅವಕಾಶ ಸಿಕ್ಕರೂ ಹೋಗಲಿಲ್ಲವಲ್ಲ? ನಿಜ. 2010ರ ಹೊತ್ತಿಗೆ ಉಳಿದಿದ್ದ ಐವರು ಎರಡೆರಡು ಪ್ರಸ್ತಾಪ ತಿರಸ್ಕರಿಸಿದ್ದರು, ಅರ್ಬಿನಾ ಆದೇಶದ ಪ್ರಕರಣವನ್ನು ಸುಪ್ರೀಂ ಕೋರ್ಟ್ ಕೆಳಗಿನ ನ್ಯಾಯಾಲಯಕ್ಕೆ ವಾಪಸು ಕಳಿಸಲು ಆ ಪ್ರಸ್ತಾಪಗಳೇ ಕಾರಣವಾದವು. ಆದರೆ ಪಲಾವ್ ಕೊಟ್ಟದ್ದು ತಾತ್ಕಾಲಿಕ ನೆಲೆ. ಪೌರತ್ವವಿಲ್ಲ, ಬೇರೆಡೆ ಹೋಗಲು ಪಾಸ್‌ಪೋರ್ಟ್ ಇಲ್ಲ. ಹೋದ ಆರು ಮಂದಿಯೂ ಕೆಲವೇ ವರ್ಷಗಳಲ್ಲಿ ಆ ದ್ವೀಪ ಬಿಟ್ಟರು. ಹಸ್ತಾಂತರ ಕೆಡುವುದು ಬಹುಮಟ್ಟಿಗೆ ಈ ಜಾಗದಲ್ಲಿ. ಬರಮಾಡಿಕೊಳ್ಳುವ ದೇಶ ನಿಗಾ ಇಡಲು ಒಪ್ಪುತ್ತದೆ, ಬಾಳಲು ಬೇಕಾದ ಕಾಗದ ಕೊಡಲು ಒಪ್ಪುವುದಿಲ್ಲ.

ಆ ಮೆಮೊಗಳನ್ನು ಅಂತರ್ಜಾಲದಲ್ಲಿ ಹುಡುಕಿ ಓದುವವರಿಗೆ ಒಂದು ಮಾತು. ‘ಮಧ್ಯಮ’, ‘ಹೆಚ್ಚು’ ಎಂಬ ಷರಾ ನೋಡುವ ಮುಂಚೆ ಮೆಮೊದ ದಿನಾಂಕ ನೋಡಿ, 2008ರ ತೀರ್ಪಿಗೆ ಮುಂಚಿನದೋ ಆಮೇಲಿನದೋ ಎಂದು. ಆಮೇಲೆ ಬಂಧಿತ ಸ್ವತಃ ಮಾಡಿದ್ದೆಂದು ಬರೆದ ವಾಕ್ಯಗಳನ್ನೂ ಸಂಘಟನೆಯ ಬಗ್ಗೆ ಬರೆದ ವಾಕ್ಯಗಳನ್ನೂ ಬೇರ್ಪಡಿಸಿ ಎಣಿಸಿ. ಆ ಸಂಘಟನೆಯ ವಿಷಯಕ್ಕೇ ಬಂದರೆ, 2020ರ ನವೆಂಬರ್‌ನಲ್ಲಿ ಅಮೆರಿಕ ಇಟಿಐಎಂ ಹೆಸರನ್ನು ಭಯೋತ್ಪಾದಕರ ಪ್ರವೇಶ ನಿಷೇಧದ ಪಟ್ಟಿಯಿಂದ ತೆಗೆದಿರುವುದಾಗಿ ಪ್ರಕಟಿಸಿತು. ಹತ್ತು ವರ್ಷಕ್ಕೂ ಮಿಕ್ಕಿ ಅದು ಅಸ್ತಿತ್ವದಲ್ಲಿದೆ ಎನ್ನಲು ನಂಬಲರ್ಹ ಸಾಕ್ಷ್ಯವಿಲ್ಲ ಎಂಬುದು ಕೊಟ್ಟ ಕಾರಣ. ಬೀಜಿಂಗ್ ಇದನ್ನು ಕಟುವಾಗಿ ಟೀಕಿಸಿತು.