ಬೋರ್ಡಿನ ಮೇಲಿನ ಸಾಲು

ಸೋಮವಾರ ಒಂಬತ್ತನೇ ಕ್ಲಾಸಿನಲ್ಲಿ ಬೋರ್ಡಿನ ಮೇಲಿನ ಸಾಲಿನಲ್ಲಿ ದಿನಾಂಕ ಬರೆದೆ. ಬಲಗೈಯಲ್ಲಿ. ಭುಜದ ಆಪರೇಷನ್ ಆಗಿ 19 ವಾರ ಕಳೆದಿತ್ತು. ಮಕ್ಕಳು ಅವರ ಪಾಡಿಗೆ ಬರೆದುಕೊಂಡರು. ನಾನು ಸೀಮೆಸುಣ್ಣ ಹಿಡಿದು ಒಂದು ಗಳಿಗೆ ಹಾಗೇ ನಿಂತೆ. ಎರಡು ವರ್ಷದಿಂದ ಬೋರ್ಡಿನ ಅರ್ಧದಿಂದ ಕೆಳಕ್ಕೇ ಲೆಕ್ಕ ಮಾಡುತ್ತಿದ್ದೆ. ಕೈ ಮೇಲೆತ್ತಿ ಸ್ವಲ್ಪ ಹಿಂದಕ್ಕೆ ತಂದರೆ ಸಾಕು, ಭುಜ ಜಾರುತ್ತಿತ್ತು.

ಮೊದಲ ಸಲ ಜಾರಿದ್ದು 2013ರಲ್ಲಿ, ಮಂಡ್ಯದ ಹತ್ತಿರದ ನಮ್ಮೂರ ಕಬಡ್ಡಿಯಲ್ಲಿ. ಪಕ್ಕದವನೂ ನಾನೂ ಕೈ ಕೈ ಹಿಡಿದು ಚೈನ್ ಮಾಡಿದ್ದೆವು. ರೈಡರ್ ನಮ್ಮ ನಡುವೆ ನುಗ್ಗಿದ. ಪಕ್ಕದವನೂ ಕೈ ಬಿಡಲಿಲ್ಲ, ನಾನೂ ಬಿಡಲಿಲ್ಲ. ನನ್ನ ತೋಳು ಹಿಂದಕ್ಕೆ ತಿರುಚಿಕೊಂಡು ಒಳಗೆ ಲಟಕ್ ಅಂದಿತು. ನೋಡಿಕೊಂಡರೆ ಭುಜದ ಗುಂಡೇ ಇಲ್ಲ. ಹ್ಯಾಂಗರಿಗೆ ಹಾಕಿದ ಅಂಗಿಯ ಹೆಗಲಿನ ಹಾಗೆ ಚಪ್ಪಟೆ. ಊರಿನವರೊಬ್ಬರು ಕಂಕುಳಿಗೆ ಕಾಲು ಕೊಟ್ಟು ಕೈ ಎಳೆದು ಕೂರಿಸಿದರು. ಎಣ್ಣೆ ತಿಕ್ಕಿ ಬಟ್ಟೆ ಕಟ್ಟಿದರು. ಹದಿನೈದು ದಿನಕ್ಕೆ ಮತ್ತೆ ಅಂಕಣಕ್ಕೆ ಇಳಿದೆ. ಆವತ್ತು ಒಂದು ಎಕ್ಸ್‌ರೇ ಕೂಡ ತೆಗೆಸಲಿಲ್ಲ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಆಮೇಲೆ ಆರು ಸಲ ಜಾರಿತು. ಕೊನೆಯದು ಬಸ್ಸಿನಲ್ಲಿ. ಮೇಲಿನ ಕಂಬಿ ಹಿಡಿದಿದ್ದೆ, ಡ್ರೈವರ್ ಬ್ರೇಕ್ ಹಾಕಿದ, ಅಷ್ಟೇ.

ಮೈಸೂರಿನ ಡಾಕ್ಟರು ಸ್ಕ್ಯಾನ್ ತೋರಿಸಿ ಹೇಳಿದ ಮೇಲೆ ನನಗೆ ಅರ್ಥವಾಯಿತು. ಸೊಂಟದ ಕೀಲು ಆಳವಾದ ಬಟ್ಟಲು. ಭುಜದ್ದು ಹಾಗಲ್ಲ, ಚಿಕ್ಕ ತಟ್ಟೆ ಮೇಲೆ ದೊಡ್ಡ ನಿಂಬೆಹಣ್ಣು ಇಟ್ಟ ಹಾಗೆ. ತಟ್ಟೆಯ ಸುತ್ತ ಗಟ್ಟಿ ರಬ್ಬರಿನಂಥ ಅಂಚು ಇರುತ್ತೆ, ಅದು ಲೇಬ್ರಮ್. ನನ್ನದು ಮುಂದುಗಡೆ ಹರಿದು ಕಿತ್ತುಬಂದಿತ್ತು. ಅದಕ್ಕೆ ಬ್ಯಾಂಕಾರ್ಟ್ ಲೀಷನ್ ಅಂತ ಹೆಸರು. 1923ರಲ್ಲೇ ಇಂಗ್ಲೆಂಡಿನ ಬ್ಯಾಂಕಾರ್ಟ್ ಅನ್ನೋ ಸರ್ಜನ್ ಇದರ ಬಗ್ಗೆ ಬರೆದಿದ್ದರು. ಪ್ರತಿ ಸಲ ಜಾರಿದಾಗಲೂ ತಟ್ಟೆಯ ಮೂಳೆ ಸವೆಯಬಹುದು. ಜಾಸ್ತಿ ಸವೆದರೆ ಬರೀ ಹೊಲಿಗೆ ಸಾಲಲ್ಲ, ಪಕ್ಕದ ಮೂಳೆಯ ತುಂಡು ತಂದು ಸ್ಕ್ರೂ ಹಾಕಿ ಕೂರಿಸಬೇಕು. ಅದು ಲಟಾರ್ಜೆ ಆಪರೇಷನ್. ನನ್ನ ಮೂಳೆ ಅಷ್ಟು ಹೋಗಿರಲಿಲ್ಲ. ತೂತು ಮಾಡಿ ಕ್ಯಾಮೆರಾ ಬಿಟ್ಟು, ಮೂಳೆಗೆ ಮೂರು ಆಂಕರ್ ಹಾಕಿ, ಅಂದರೆ ದಾರ ಕಟ್ಟಿದ ಪುಟ್ಟ ಮೊಳೆಯಂಥವು, ಅಂಚನ್ನು ಆ ದಾರದಲ್ಲಿ ಬಿಗಿದರು. ಹಳೇ ಗ್ರೀಸಿನ ವೈದ್ಯ ಹಿಪಾಕ್ರಟಿಸ್ ಕಾಲದಲ್ಲಿ ಕಂಕುಳಿಗೆ ಕಾದ ಕಬ್ಬಿಣದಿಂದ ಬರೆ ಹಾಕುತ್ತಿದ್ದರಂತೆ, ಸುಟ್ಟ ಗಾಯ ಮಾಗಿ ಬಿಗಿಯಾಗಲಿ ಅಂತ. ನಮ್ಮಜ್ಜಿ ಬರೆ ಹಾಕುತ್ತಿದ್ದದ್ದು ನೆನಪಾಯಿತು.

ಆಪರೇಷನ್‌ಗೆ ಮುಂಚೆ ಕುತ್ತಿಗೆಯ ಪಕ್ಕ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಎಚ್ಚರ ಆದಾಗ ಬಲಗೈ ನನ್ನದಾಗಿರಲಿಲ್ಲ. ಎಡಗೈಯಿಂದ ಬೆರಳು ಹಿಡಿದು ಎತ್ತಿದೆ. ಬೆಚ್ಚಗಿತ್ತು, ಭಾರ ಇತ್ತು, ಬೇರೆ ಯಾರದೋ ಕೈ ಹಿಡಿದ ಹಾಗಿತ್ತು. ಬಲಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು, ದನಿ ಒಡೆದಿತ್ತು. ಹೆಂಡತಿ ಗಾಬರಿಯಿಂದ ನರ್ಸನ್ನು ಕರೆದಳು. ಅದು ಆ ಇಂಜೆಕ್ಷನ್‌ನಿಂದ, ತಾನಾಗೇ ಹೋಗುತ್ತೆ ಅಂದರು. ಬೆಳಗ್ಗೆ ಹೊತ್ತಿಗೆ ಹೋಯಿತು. ಆದರೆ ಅದರ ಜೊತೆ ಮರಗಟ್ಟಿದ್ದೂ ಹೋಗಿ, ರಾತ್ರಿ ಮೂರು ಗಂಟೆಗೆ ನೋವು ಬಂತು. ಮರಗಟ್ಟಿದ್ದು ಬಿಡೋಕೆ ಮುಂಚೆಯೇ ನೋವಿನ ಮಾತ್ರೆ ತಗೊಳ್ಳಿ ಅಂತ ಹೇಳಿದ್ದರು. ನಾನು ನಿದ್ದೆ ಹೋಗಿಬಿಟ್ಟಿದ್ದೆ.

ಐದು ವಾರ ಕೈ ಸ್ಲಿಂಗ್‌ನಲ್ಲಿ. ಅಂಗಾತ ಮಲಗೋ ಹಾಗಿಲ್ಲ, ಅಪ್ಪನ ಹಳೇ ಆರಾಮಕುರ್ಚಿಯಲ್ಲೇ ನಿದ್ದೆ. ಎಲ್ಲಕ್ಕಿಂತ ಕಷ್ಟ ಊಟ. ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನಬಹುದು, ಮುದ್ದೆ ಹೇಗೆ? ಎಡಗೈಯಲ್ಲಿ ಮುರಿಯೋಕೆ ನನಗೆ ಮನಸ್ಸೇ ಬರಲಿಲ್ಲ. ಅವ್ವ ಎದುರಿಗೆ ಕೂತು, ಮುದ್ದೆಯನ್ನ ನೆಲ್ಲಿಕಾಯಿ ಗಾತ್ರಕ್ಕೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು. ಮುವ್ವತ್ತೊಂದು ವರ್ಷದ ಮಗನಿಗೆ. ಒಂದೊಂದು ತುತ್ತಿಗೂ ಅವಳ ಬಾಯಿಯೂ ತಾನಾಗೇ ತೆರೆದುಕೊಳ್ಳುತ್ತಿತ್ತು. ಆ ಊಟದ ರುಚಿ ಇನ್ನೂ ನಾಲಿಗೆ ಮೇಲಿದೆ.

ಸ್ಲಿಂಗ್ ಬಿಚ್ಚಿದಾಗ ತೋಳು ಸಣಕಲಾಗಿತ್ತು. ಮೊದಲ ವ್ಯಾಯಾಮ, ಬಗ್ಗಿ ಕೈ ಇಳಿಬಿಟ್ಟು ತೂಗಾಡಿಸೋದು, ಬಾವಿಗೆ ಇಳಿಬಿಟ್ಟ ಕೊಡದ ಹಾಗೆ. ಆಮೇಲೆ ಗೋಡೆ ಮೇಲೆ ಬೆರಳು ಹತ್ತಿಸೋದು. ಫಿಸಿಯೋ ಮೇಡಂ ಪ್ರತಿ ವಾರ ಕೋನ ಅಳೆಯುತ್ತಿದ್ದರು. ನಾನು ಮಕ್ಕಳಿಗೆ ಹೇಳಿಕೊಡುವ ಕೋನಮಾಪಕವೇ, ಎರಡು ಉದ್ದ ಕಡ್ಡಿ ಇರುತ್ತೆ ಅಷ್ಟೇ. ಮೊಣಕೈ ಪಕ್ಕೆಗೆ ಒತ್ತಿ ಮುಂಗೈ ಹೊರಕ್ಕೆ ತಿರುಗಿಸಬೇಕು. ಮೊದಲ ವಾರ 10 ಡಿಗ್ರಿ. ನಾನು ಇನ್ನೂ ತಳ್ಳೋಕೆ ಹೋದರೆ, "ಸಾಕು ಸಾರ್, ಹೊಲಿಗೆ ಸಡಿಲ ಆಗುತ್ತೆ" ಅಂತ ತಡೆಯುತ್ತಿದ್ದರು. ಕ್ಲಾಸಿನಲ್ಲಿ 10 ಡಿಗ್ರಿ ಅಂದರೆ ಸಣ್ಣ ಸೀಳು. ಅದರ ಬೆಲೆ ಈಗ ಗೊತ್ತಾಗಿದೆ.

ನಾಲ್ಕನೇ ತಿಂಗಳು ಡಾಕ್ಟರು ಮಲಗಿಸಿ, ಕೈ ಪಕ್ಕಕ್ಕೆ ಚಾಚಿಸಿ, ನಿಧಾನಕ್ಕೆ ಹಿಂದಕ್ಕೆ ತಿರುಗಿಸಿದರು. ಆಪರೇಷನ್‌ಗೆ ಮುಂಚೆ ಇದೇ ಪರೀಕ್ಷೆಯಲ್ಲಿ "ಬೇಡ ಸಾರ್" ಅಂತ ಅವರ ಕೈ ಹಿಡಿದುಕೊಂಡಿದ್ದೆ. ಈ ಸಲವೂ ಎಡಗೈ ತಾನಾಗೇ ಮೇಲೆದ್ದಿತು. ಆದರೆ ಭುಜ ಅಲ್ಲಾಡಲಿಲ್ಲ. ಮೈ ಗಟ್ಟಿಯಾದರೂ ಅಳುಕು ಇನ್ನೂ ಇದೆ. ಬಸ್ಸಿನ ಕಂಬಿ ಈಗಲೂ ಎಡಗೈಯಲ್ಲೇ ಹಿಡಿಯುತ್ತೇನೆ.

ಇಷ್ಟೆಲ್ಲ ಬರೆಯೋಕೆ ಕಾರಣ ಮೊನ್ನೆ ಶನಿವಾರ. ನಮ್ಮ ಸ್ಕೂಲಿನ ಹಳೇ ಹುಡುಗ, ಈಗ ಪಿಯುಸಿ, ಊರ ಮೈದಾನದಲ್ಲಿ ಬಿದ್ದ. ಅದೇ ಚಪ್ಪಟೆ ಭುಜ. ಯಾರೋ ಕೈ ಎಳೆಯೋಕೆ ಬಂದರು. ನಾನು ಅಡ್ಡ ನಿಂತೆ. ಟವೆಲಿನಲ್ಲಿ ಕೈ ಕಟ್ಟಿ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಕ್ಸ್‌ರೇ ತೆಗೆದು, ಮಂಪರು ಕೊಟ್ಟು ಕೂರಿಸಿದರು.

"ಕೂತ್ಕೊಂತಲ್ಲ ಮೇಷ್ಟ್ರೇ, ಇನ್ನೇನು?" ಅಂದರು ಅವನ ಅಪ್ಪ.

"ಕೂತಿದೆ ಅಣ್ಣ, ಒಳಗೆ ಅಂಚು ಹರಿದಿದೆಯಾ ನೋಡಿಸ್ಬೇಕು. ಈ ವಯಸ್ಸಿನ ಹುಡುಗರಿಗೆ ಮತ್ತೆ ಜಾರೋದು ಜಾಸ್ತಿ" ಅಂದೆ. ನನ್ನ ಅಂಗಿ ಗುಂಡಿ ಬಿಚ್ಚಿ, ಭುಜದ ಮೇಲಿನ ಮೂರು ಚುಕ್ಕೆ ಗಾಯ ತೋರಿಸಿದೆ. ಅವರು ಬೆರಳಿನಿಂದ ಮುಟ್ಟಿ ನೋಡಿದರು. ಸುಮ್ಮನಿದ್ದರು.

ಗುರುವಾರ ಸ್ಕ್ಯಾನ್. ನಾನು ರಜೆ ಹಾಕಿದ್ದೇನೆ, ಅವರ ಜೊತೆ ಹೋಗುತ್ತೇನೆ.